ನೆರೆಗೆ ಮುನ್ನ ನೆರೆಹೊರೆ

(ಕೂಟದ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಬರಹರೂಪ)



ಕನ್ನಡದಲ್ಲಿ 'ನೆರೆ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹೊಳೆ ಉಕ್ಕಿ ದಡ ಮೀರಿ ಊರೊಳಗೆ ಬಂದರೆ ಅದು ನೆರೆ. ಪಕ್ಕದಲ್ಲಿ ಬಾಳುವವರೂ ನೆರೆಯೇ. ನೆರೆಯವರು, ನೆರೆಹೊರೆ ಎನ್ನುತ್ತೇವೆ. ಈ ಎರಡರ ನಂಟನ್ನು ವಿವರಿಸುವುದು ನಿಘಂಟುಕಾರರ ಕೆಲಸ. ನಾವು ಇಂದು ಹೇಳಹೊರಟಿರುವುದು ಇಷ್ಟೇ: ಮೊದಲನೆಯ ನೆರೆಯಿಂದಾಗುವ ಹಾನಿಯನ್ನು ತಗ್ಗಿಸಬಲ್ಲದ್ದು ಬಹುಮಟ್ಟಿಗೆ ಎರಡನೆಯ ನೆರೆ, ಅದೂ ಮಳೆ ಬೀಳುವುದಕ್ಕೆ ಮುಂಚೆಯೇ ಒಂದೆಡೆ ಕಲೆತು, ಯೋಚಿಸಿ, ಹಣ ತೆಗೆದಿಟ್ಟಾಗ ಮಾತ್ರ.

ಅಮೆರಿಕದಲ್ಲಿ ಮನೆ ಕೊಂಡು ನೆಲೆನಿಂತ ನಮ್ಮಲ್ಲಿ ಅನೇಕರು ನೆರೆಯ ಚಿಂತೆ ವಾಷಿಂಗ್ಟನ್ನಿನ ಸರಕಾರಕ್ಕೆ ಸೇರಿದ್ದೆಂದು ಭಾವಿಸುತ್ತೇವೆ. ಟೆಲಿವಿಷನ್ ತೆರೆಯ ಮೇಲೆ ಕಾಣುವುದೂ ಹಾಗೆಯೇ. ಅಧ್ಯಕ್ಷರು ವಿಪತ್ತು ಘೋಷಿಸುತ್ತಾರೆ. ಒಕ್ಕೂಟ ಸರಕಾರದ ತುರ್ತುಸ್ಥಿತಿ ನಿರ್ವಹಣಾ ಸಂಸ್ಥೆಯಾದ 'ಫೀಮಾ'ದ ನೌಕರರು ಬರುತ್ತಾರೆ. ನೆರವಿನ ಹಣ ಹರಿದುಬರುತ್ತದೆ. ಆದರೆ ಯಾವ ತೊರೆಯ ದಂಡೆಯಲ್ಲಿ ಮನೆ ಕಟ್ಟಬಹುದು, ಹೊಸ ಬಡಾವಣೆಯ ಮಳೆನೀರು ಎಲ್ಲಿಗೆ ಹೋಗಬೇಕು, ಪದೇ ಪದೇ ಮುಳುಗುವ ಬೀದಿಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವುದು ನಮ್ಮ ಊರಿನ ನಗರಸಭೆ ಅಥವಾ ನಮ್ಮ ಕೌಂಟಿಯ ಆಡಳಿತ. ಆ ಸಭೆಗಳಲ್ಲಿ ನಮ್ಮ ಕುರ್ಚಿಗಳು ಸಾಮಾನ್ಯವಾಗಿ ಖಾಲಿ ಇರುತ್ತವೆ. ಈ ಕಾರಣದಿಂದಲೇ ಈ ವಿಷಯವನ್ನು ಆರಿಸಿಕೊಂಡೆವು.

ಟಲ್ಸಾ ನಗರದ ಪಾಠ

ತತ್ತ್ವಕ್ಕಿಂತ ಮೊದಲು ಒಂದು ಊರಿನ ಕಥೆ. ಓಕ್ಲಹೋಮ ರಾಜ್ಯದ ಟಲ್ಸಾ ನಗರ ಆರ್ಕನ್ಸಾ ನದಿಯ ದಡದಲ್ಲಿದೆ. ನದಿಯಲ್ಲದೆ ಮಿಂಗೊ ಮೊದಲಾದ ಹಲವು ತೊರೆಗಳು ಊರೊಳಗೆ ಹರಿಯುತ್ತವೆ. 1964ರಲ್ಲಿ ನದಿಯ ಮೇಲ್ಭಾಗದಲ್ಲಿ ಕೀಸ್ಟೋನ್ ಅಣೆಕಟ್ಟು ಮುಗಿದಾಗ ಇನ್ನು ಭಯವಿಲ್ಲವೆಂಬ ಭಾವನೆ ಹಬ್ಬಿತು. ಅಣೆಕಟ್ಟು ನದಿಯ ನೀರನ್ನು ಹಿಡಿಯಬಲ್ಲದು; ಊರಿನ ನೆತ್ತಿಯ ಮೇಲೆಯೇ ಸುರಿದು ತೊರೆಗಳಲ್ಲಿ ಉಕ್ಕುವ ಮಳೆಯನ್ನು ಅದು ಹಿಡಿಯಲಾರದು. ತೊರೆಗಳ ಇಕ್ಕೆಲದ ತಗ್ಗಿನಲ್ಲಿ, ಅಂದರೆ ನೀರು ಉಕ್ಕಿದಾಗ ಹರಡಿಕೊಳ್ಳುವ ನೆರೆಬಯಲಿನಲ್ಲಿ, ಬಡಾವಣೆಗಳು ಎದ್ದವು. 1980ರ ದಶಕದ ನಡುವಿನವರೆಗಿನ 15 ವರ್ಷಗಳಲ್ಲಿ ಒಂಬತ್ತು ಬಾರಿ ಅಲ್ಲಿ ಒಕ್ಕೂಟ ಸರಕಾರದ ವಿಪತ್ತು ಘೋಷಣೆಯಾಯಿತು. ಪ್ರತಿ ಸಲವೂ ನೀರು ಬಂತು, ನೆರವು ಬಂತು, ಅದೇ ಜಾಗದಲ್ಲಿ ಅದೇ ಮನೆ ಮತ್ತೆ ಎದ್ದಿತು.

1976ರ ಮೆಮೋರಿಯಲ್ ದಿನದ ಮಳೆಯಲ್ಲಿ ಮೂವರು ಸತ್ತರು. ಮನೆ ಕಳೆದುಕೊಂಡ ನಿವಾಸಿಗಳು ಸಂಘಟಿತರಾಗಿ ನಗರಸಭೆಯ ಬಾಗಿಲು ತಟ್ಟಿದರು. ನೆರೆಬಯಲಿನಲ್ಲಿ ಹೊಸ ಕಟ್ಟಡಗಳಿಗೆ ತಾತ್ಕಾಲಿಕ ತಡೆ ಬಂದಿತು. ಜಮೀನು ಅಭಿವೃದ್ಧಿಪಡಿಸುವವರಿಗೂ ನಿವಾಸಿಗಳಿಗೂ ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಅಷ್ಟರಲ್ಲಿ 1984ರ ಮೇ 26ರ ರಾತ್ರಿ, ಅದೇ ಮೆಮೋರಿಯಲ್ ದಿನದ ವಾರಾಂತ್ಯದಲ್ಲಿ, ಕೆಲವೇ ಗಂಟೆಗಳೊಳಗೆ ಕೆಲವೆಡೆ 15 ಅಂಗುಲದವರೆಗೆ ಮಳೆ ಸುರಿಯಿತು. 14 ಮಂದಿ ಪ್ರಾಣ ಕಳೆದುಕೊಂಡರು. ಸುಮಾರು 7,000 ಕಟ್ಟಡಗಳಿಗೆ ಹಾನಿಯಾಯಿತು. ನಷ್ಟದ ಅಂದಾಜು 18 ಕೋಟಿ ಡಾಲರ್.

ಆಗಿನ ಮೇಯರ್ ಟೆರಿ ಯಂಗ್ ಅವರು ಅಧಿಕಾರ ವಹಿಸಿಕೊಂಡು ಮೂರು ವಾರವೂ ಆಗಿರಲಿಲ್ಲ. ಆದರೆ ಹಿಂದಿನ ಜಗ್ಗಾಟದ ವರ್ಷಗಳು ವ್ಯರ್ಥವಾಗಿರಲಿಲ್ಲ. ಏನು ಮಾಡಬೇಕೆಂದು ತಿಳಿದ ಅಧಿಕಾರಿಗಳೂ ನಾಗರಿಕರೂ ಊರಿನಲ್ಲಿದ್ದರು, ಯೋಚನೆ ಸಿದ್ಧವಾಗಿತ್ತು. ಮುಳುಗಿದ ಮನೆಗಳನ್ನು ಹಾಗೆಯೇ ದುರಸ್ತಿ ಮಾಡುವ ಬದಲು, ತೀವ್ರ ಅಪಾಯದಲ್ಲಿದ್ದ ಸುಮಾರು 300 ಮನೆಗಳನ್ನೂ 228 ಮನೆಗಳಿಗೆ ಸ್ಥಳವಿದ್ದ ಒಂದು ಮೊಬೈಲ್ ಹೋಮ್ ನಿವೇಶನವನ್ನೂ ನಗರವೇ ಕೊಂಡು ತೆರವುಗೊಳಿಸಿತು. ಇದಕ್ಕೂ, ತುರ್ತಾಗಿ ಕೈಗೊಂಡ ಕಾಮಗಾರಿಗಳಿಗೂ, ತೊರೆಗಳ ಸಮಗ್ರ ಯೋಜನೆಗಳಿಗೂ ಸೇರಿ 3 ಕೋಟಿ ಡಾಲರಿಗೂ ಮೀರಿ ವೆಚ್ಚವಾಯಿತು. ಈ ಹಣದ ಬಹುಭಾಗ ಸ್ಥಳೀಯವಾಗಿಯೇ ಹೊರಟಿತು. ಒಕ್ಕೂಟ ಸರಕಾರದ ಹಣವೂ, ಮನೆಯವರಿಗೆ ನೆರೆ ವಿಮೆಯಿಂದ ಬಂದ ಚೆಕ್ಕುಗಳೂ ಅದರೊಡನೆ ಸೇರಿದವು.

ಇದಕ್ಕಿಂತಲೂ ಮುಖ್ಯವಾದ ಹೆಜ್ಜೆ ಅನಂತರದ್ದು. ಹಲವು ಇಲಾಖೆಗಳಲ್ಲಿ ಹಂಚಿಹೋಗಿದ್ದ ಮಳೆನೀರಿನ ಹೊಣೆಯನ್ನು ನಗರ ಒಂದೇ ಇಲಾಖೆಗೆ ಒಪ್ಪಿಸಿತು. 1986ರಲ್ಲಿ ಪ್ರತಿ ಮನೆಯ, ಪ್ರತಿ ಅಂಗಡಿಯ ತಿಂಗಳ ನೀರಿನ ಬಿಲ್ಲಿನಲ್ಲಿ ಮಳೆನೀರಿನ ಶುಲ್ಕವೆಂಬ ಸಣ್ಣ ಮೊತ್ತವನ್ನು ಸೇರಿಸಿತು. ಆ ಹಣ ಚರಂಡಿಗಳ ಹೂಳು ತೆಗೆಯಲು, ತೊರೆಗಳ ಪಾತ್ರ ಕಾಯಲು, ಯೋಜನೆ ಮಾಡಲು ಮೀಸಲಾಯಿತು. ದೊಡ್ಡ ಕಾಮಗಾರಿಗಳಿಗೆ ಮಾರಾಟ ತೆರಿಗೆಯೂ ಬಾಂಡುಗಳೂ ಒದಗಿದವು. ಮಿಂಗೊ ತೊರೆಯ ಉದ್ದಕ್ಕೆ ಸೇನೆಯ ಎಂಜಿನಿಯರುಗಳ ಸಹಕಾರದಿಂದ ಮಳೆನೀರನ್ನು ಕೆಲಹೊತ್ತು ತಡೆದು ಮೆಲ್ಲನೆ ಬಿಡುವ ಕೊಳಗಳು ಬಂದವು. ಬೇಸಗೆಯಲ್ಲಿ ಅವುಗಳಲ್ಲಿ ಕೆಲವು ಮಕ್ಕಳ ಆಟದ ಬಯಲುಗಳು. ಮಳೆ ಬಂದಾಗ ಕೆರೆಗಳು.

ಟಲ್ಸಾದ ಕೆಲಸ ಮುಗಿದಿದೆಯೆಂದಲ್ಲ. 1940ರ ದಶಕದಲ್ಲಿ ನದಿಗೆ ಕಟ್ಟಿದ ಮಣ್ಣಿನ ಏರಿಗಳು 2019ರ ಮೇ ತಿಂಗಳಿನ ದೀರ್ಘ ಪ್ರವಾಹದಲ್ಲಿ ಊರಿಗೆ ನಿದ್ರೆಗೆಡಿಸಿದವು. ಆದರೂ ಒಂಬತ್ತು ವಿಪತ್ತುಗಳ ಊರು ಇಡೀ ದೇಶಕ್ಕೆ ಮಾದರಿಯಾಗಿ ಬದಲಾದದ್ದು ಸತ್ಯ.

ಯೋಜನೆ ಎಂದರೇನು?

ಟಲ್ಸಾ ಪೆಟ್ಟು ತಿಂದು ಕಲಿತದ್ದನ್ನು 2000ದ ಇಸವಿಯಲ್ಲಿ ಬಂದ ವಿಪತ್ತು ಉಪಶಮನ ಕಾಯಿದೆ ಎಲ್ಲ ಊರುಗಳಿಗೂ ನಿಯಮವಾಗಿಸಿತು. ಒಂದು ನಗರವೋ ಕೌಂಟಿಯೋ ಫೀಮಾದ ಉಪಶಮನ ಅನುದಾನವನ್ನು ಪಡೆದು ಕಾಮಗಾರಿ ನಡೆಸಬೇಕಾದರೆ, ಮೊದಲು ತನ್ನದೇ ಆದ ಉಪಶಮನ ಯೋಜನೆಯನ್ನು ರಚಿಸಿ ಒಪ್ಪಿಗೆ ಪಡೆದಿರಬೇಕು. ಐದು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು. ಹಲವು ಚಿಕ್ಕ ಊರುಗಳು ಸೇರಿ ಕೌಂಟಿಯೊಡನೆ ಒಂದೇ ಯೋಜನೆ ಮಾಡಿಕೊಳ್ಳುವುದೂ ಉಂಟು.

ಇಲ್ಲಿ 'ಉಪಶಮನ' ಎಂಬ ಮಾತನ್ನು ನೆರವಿನಿಂದ ಬೇರ್ಪಡಿಸಿಕೊಳ್ಳಬೇಕು. ಮುಳುಗಿದವರಿಗೆ ಊಟ, ವಸತಿ ಕೊಡುವುದು ನೆರವು. ಮುಂದಿನ ಸಲ ಮುಳುಗದಂತೆ ಮಾಡುವುದು ಉಪಶಮನ. ಮನೆಯನ್ನು ಎತ್ತರಿಸುವುದು, ತಗ್ಗಿನ ಮನೆಯನ್ನು ಕೊಂಡು ಕೆಡವುವುದು, ಸೇತುವೆಯ ಕೆಳಗಿನ ಕಿರಿದಾದ ತೂಬನ್ನು ಅಗಲಿಸುವುದು, ತಡೆಕೊಳ ತೋಡುವುದು, ನೆರೆಬಯಲಿನಲ್ಲಿ ಕಟ್ಟಡಕ್ಕೆ ಪರವಾನಗಿ ನಿರಾಕರಿಸುವುದು, ಇವೆಲ್ಲ ಉಪಶಮನವೇ.

ಯೋಜನೆಯು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಅದನ್ನು ಯಾರು, ಹೇಗೆ ರಚಿಸಿದರು. ಸಾರ್ವಜನಿಕರಿಗೆ ಮಾತಾಡುವ ಅವಕಾಶ ಸಿಕ್ಕಿತೇ? ಅಪಾಯ ಎಲ್ಲಿದೆ, ಎಷ್ಟು ಮನೆ, ಶಾಲೆ, ಆಸ್ಪತ್ರೆಗಳು ಅದರ ದಾರಿಯಲ್ಲಿವೆ? ಏನು ಮಾಡುವುದು, ಯಾವುದು ಮೊದಲು, ಯಾರ ಹೊಣೆ, ಯಾವ ಹಣ? ಮುಂದಿನ ಐದು ವರ್ಷ ಅದರ ಜಾರಿಯನ್ನು ಗಮನಿಸುವವರು ಯಾರು? ಕೊನೆಗೆ ನಗರಸಭೆ ಅದನ್ನು ವಿಧಿವತ್ತಾಗಿ ಅಂಗೀಕರಿಸಬೇಕು.

ಎರಡನೆಯ ಪ್ರಶ್ನೆಯಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವ ಒಂದು ಮಾತಿದೆ: 'ನೂರು ವರ್ಷದ ನೆರೆ'. ನೂರು ವರ್ಷಕ್ಕೊಮ್ಮೆ ಬರುವ ನೆರೆಯೆಂದು ಇದರ ಅರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವ ನೂರಕ್ಕೆ ಒಂದು ಎಂದರ್ಥ. ಲೆಕ್ಕ ಹಾಕಿದರೆ, 30 ವರ್ಷದ ಮನೆಸಾಲ ತೀರುವುದರೊಳಗೆ ಒಮ್ಮೆಯಾದರೂ ಅಂಥ ನೆರೆ ಬರುವ ಸಂಭವ ನೂರಕ್ಕೆ 26. ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಕಳೆದ ವರ್ಷವಷ್ಟೇ ಬಂದು ಹೋಯಿತೆಂಬುದು ಈ ವರ್ಷಕ್ಕೆ ಅಭಯವಲ್ಲ. ನಕ್ಷೆಯ ಗೆರೆಯೂ ಅಭಯವಲ್ಲ. 2017ರ ಹಾರ್ವೀ ಚಂಡಮಾರುತದಲ್ಲಿ ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ ಮುಳುಗಿದ ಮನೆಗಳ ಬಹುಪಾಲು ಈ ಗೆರೆಯ ಹೊರಗಿದ್ದವು.

ಊರು ಬೆಳೆದಂತೆ ಗೆರೆಯೂ ಸರಿಯುತ್ತದೆ. ಹುಲ್ಲು, ಮಣ್ಣು ಇದ್ದಲ್ಲಿ ಡಾಂಬರು ಬಂದರೆ ಇಂಗಬೇಕಾದ ನೀರು ಓಡುತ್ತದೆ. ಇದನ್ನರಿತ ಉತ್ತರ ಕ್ಯಾರೊಲೈನಾದ ಷಾರ್ಲೆಟ್ ನಗರ ಮತ್ತು ಅದರ ಮೆಕ್ಲೆನ್‌ಬರ್ಗ್ ಕೌಂಟಿ, ಮುಂದೆ ಊರು ಪೂರ್ತಿಯಾಗಿ ಬೆಳೆದಾಗ ನೀರು ಎಲ್ಲಿಯವರೆಗೆ ಬರುವುದೆಂಬುದನ್ನೂ ಲೆಕ್ಕಹಾಕಿ ತಮ್ಮ ನಕ್ಷೆಗಳಲ್ಲಿ ಗುರುತಿಸಿದವು. ಇಂದಿನ ನೀರಿಗಲ್ಲ, ನಾಳೆಯ ನೀರಿಗೆ ಗೆರೆ ಎಳೆದರೆಂದು ಹೇಳಬಹುದು.

ಹಣ ಎಲ್ಲಿಂದ?

ಹಣದ ಮೂಲಗಳು ಹಲವು. ಮೊದಲನೆಯದು ಮಳೆನೀರಿನ ಶುಲ್ಕ. ಇದನ್ನು ಸಾಮಾನ್ಯವಾಗಿ ಆಸ್ತಿಯ ಬೆಲೆಯ ಮೇಲಲ್ಲ, ನೀರು ಇಂಗದ ನೆಲದ ವಿಸ್ತೀರ್ಣದ ಮೇಲೆ ಹಾಕುತ್ತಾರೆ. ಟಲ್ಸಾದಲ್ಲಿ 2,650 ಚದರ ಅಡಿ ಒಂದು ಘಟಕ. ಮನೆಗೆ ಒಂದು ಘಟಕದ ಶುಲ್ಕವಾದರೆ, ಭಾರಿ ವಾಹನ ನಿಲ್ದಾಣವುಳ್ಳ ಮಳಿಗೆಗೆ ಅದರ ವಿಸ್ತಾರಕ್ಕೆ ತಕ್ಕಷ್ಟು ಘಟಕಗಳು. ಹೆಚ್ಚು ನೀರನ್ನು ಓಡಿಸುವವನು ಹೆಚ್ಚು ಕೊಡಬೇಕೆಂಬ ನ್ಯಾಯ ಇದು. ಈ ಕಲ್ಪನೆ ಕನ್ನಡಿಗರಿಗೆ ಹೊಸದೇನಲ್ಲ. ನಮ್ಮ ನಾಡಿನ ಶಾಸನಗಳಲ್ಲಿ 'ಬಿತ್ತುವಟ್ಟ' ಎಂಬ ಮಾತು ಬರುತ್ತದೆ. ಕೆರೆಯ ನಿರ್ವಹಣೆಗೆಂದು ಬಿಟ್ಟ ಭೂಮಿ ಅಥವಾ ಉತ್ಪನ್ನದ ಪಾಲು ಅದು. ಏರಿ ಒಡೆದ ಮೇಲೆ ಚಂದಾ ಎತ್ತುವುದಕ್ಕಿಂತ ವರ್ಷವರ್ಷವೂ ಸ್ವಲ್ಪ ತೆಗೆದಿಡುವುದು ಲೇಸೆಂಬುದನ್ನು ಆ ಹಿರಿಯರು ತಿಳಿದಿದ್ದರು.

ಎರಡನೆಯದು ತೆರಿಗೆ ಮತ್ತು ಬಾಂಡು. ಬಾಂಡೆಂದರೆ ಊರು ಸಾರ್ವಜನಿಕರಿಂದ ಪಡೆಯುವ ದೀರ್ಘಾವಧಿ ಸಾಲ; ಅನೇಕ ಕಡೆ ಇದಕ್ಕೆ ಮತದಾರರ ಒಪ್ಪಿಗೆ ಬೇಕು. ಹಾರ್ವೀ ಬಂದು ಸರಿಯಾಗಿ ಒಂದು ವರ್ಷಕ್ಕೆ, 2018ರ ಆಗಸ್ಟ್ 25ರಂದು, ಹ್ಯಾರಿಸ್ ಕೌಂಟಿಯ ಮತದಾರರು 250 ಕೋಟಿ ಡಾಲರಿನ ನೆರೆ ನಿಯಂತ್ರಣ ಬಾಂಡಿಗೆ ಭಾರಿ ಬಹುಮತದಿಂದ ಒಪ್ಪಿಗೆ ಕೊಟ್ಟರು. ತಮ್ಮ ಮೇಲೆ ತಾವೇ ಹೊರೆ ಹೊತ್ತುಕೊಂಡರು.

ಮೂರನೆಯದು ಒಕ್ಕೂಟ ಸರಕಾರದ ಅನುದಾನ. ಇವುಗಳಲ್ಲಿ ದೊಡ್ಡದು 1988ರ ಸ್ಟಾಫರ್ಡ್ ಕಾಯಿದೆಯಿಂದ ಬಂದ ಉಪಶಮನ ಅನುದಾನ ಕಾರ್ಯಕ್ರಮ. ಅಧ್ಯಕ್ಷರು ವಿಪತ್ತು ಘೋಷಿಸಿದ ಬಳಿಕ, ಆ ವಿಪತ್ತಿಗಾಗಿ ಖರ್ಚಾದ ನೆರವಿನ ಮೊದಲ 200 ಕೋಟಿ ಡಾಲರಿನ ಶೇಕಡ 15ರವರೆಗಿನ ಮೊತ್ತವನ್ನು ಉಪಶಮನಕ್ಕೆಂದು ರಾಜ್ಯಕ್ಕೆ ಕೊಡಬಹುದು. ರಾಜ್ಯವು ಅದನ್ನು ಊರುಗಳಿಗೆ ಹಂಚುತ್ತದೆ. ವಿಪತ್ತಿಗೆ ಕಾಯದೆ ಕೊಡುವ ಅನುದಾನಗಳೂ ಇವೆ. ಆದರೆ ಅವು ವಾಷಿಂಗ್ಟನ್ನಿನ ಗಾಳಿ ಬೀಸಿದತ್ತ ವಾಲುತ್ತವೆ. ಊರುಗಳನ್ನು ಮುಂಚಿತವಾಗಿಯೇ ಬಲಪಡಿಸಲು 2020ರಲ್ಲಿ ಆರಂಭವಾದ 'ಬ್ರಿಕ್' ಎಂಬ ಕಾರ್ಯಕ್ರಮವನ್ನು ನಿಲ್ಲಿಸುವುದಾಗಿ ಫೀಮಾ 2025ರ ಏಪ್ರಿಲ್‌ನಲ್ಲಿ ಘೋಷಿಸಿತು. ಹಲವು ರಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರಿದವು. ಬರುವುದೆಂದು ನಂಬಿ ಕುಳಿತಿದ್ದ ಊರುಗಳ ಪಾಡನ್ನು ತಾವೇ ಊಹಿಸಬಹುದು.

ಅನುದಾನ ಬಂದರೂ ಎರಡು ಕಟ್ಟಳೆಗಳಿವೆ. ಸಾಮಾನ್ಯವಾಗಿ ವೆಚ್ಚದ ಶೇಕಡ 75 ಮಾತ್ರ ಒಕ್ಕೂಟ ಸರಕಾರದ್ದು. ಉಳಿದ 25ನ್ನು ರಾಜ್ಯವೋ ಊರೋ ಹೊಂದಿಸಬೇಕು. ಹಣವೂ ಬಹುಮಟ್ಟಿಗೆ ಊರು ಖರ್ಚುಮಾಡಿದ ಬಳಿಕ ಮರುಪಾವತಿಯಾಗಿ ಬರುತ್ತದೆ. ಮಳೆನೀರಿನ ಶುಲ್ಕದಂಥ ಸ್ವಂತ ಬೊಕ್ಕಸವುಳ್ಳ ಊರು ತನ್ನ 25ನ್ನು ಮುಂದಿಟ್ಟು 75ನ್ನು ಪಡೆಯುತ್ತದೆ. ಬೊಕ್ಕಸವಿಲ್ಲದ ಊರು ಎರಡನ್ನೂ ಕಳೆದುಕೊಳ್ಳುತ್ತದೆ. ಇನ್ನೊಂದು ಕಟ್ಟಳೆ, ಲಾಭ-ವೆಚ್ಚದ ಲೆಕ್ಕ. ಕಾಮಗಾರಿಯಿಂದ ಮುಂದೆ ತಪ್ಪುವ ನಷ್ಟವು ಅದರ ವೆಚ್ಚಕ್ಕಿಂತ ಕಡಿಮೆಯಿರಬಾರದು.

ಒಟ್ಟಿನಲ್ಲಿ ಈ ವೆಚ್ಚ ಲಾಭದಾಯಕವೇ. ರಾಷ್ಟ್ರೀಯ ಕಟ್ಟಡ ವಿಜ್ಞಾನಗಳ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಕ್ಕೂಟ ಸರಕಾರದ ಉಪಶಮನ ಅನುದಾನಗಳಲ್ಲಿ ಒಂದು ಡಾಲರ್ ಹಾಕಿದರೆ ಸರಾಸರಿ ಆರು ಡಾಲರಿನ ನಷ್ಟ ತಪ್ಪುತ್ತದೆ. ಮನೆಯವರಿಗೆ ನೇರವಾಗಿ ಕಾಣುವ ಲಾಭವೂ ಒಂದಿದೆ. ಸರಕಾರಿ ನೆರೆ ವಿಮೆಯ ಕಾರ್ಯಕ್ರಮವು 1990ರಿಂದ ಊರುಗಳಿಗೆ ದರ್ಜೆ ಕೊಡುತ್ತಿದೆ. ಕನಿಷ್ಠ ನಿಯಮಕ್ಕಿಂತ ಹೆಚ್ಚು ಶ್ರಮಿಸಿದ ಊರಿನ ನಿವಾಸಿಗಳಿಗೆ ವಿಮೆಯ ಕಂತಿನಲ್ಲಿ ಶೇಕಡ 5ರಿಂದ 45ರವರೆಗೆ ರಿಯಾಯಿತಿ. ಕ್ಯಾಲಿಫೋರ್ನಿಯಾದ ರೋಸ್‌ವಿಲ್ ನಗರ ಅತ್ಯುನ್ನತವಾದ ಒಂದನೆಯ ದರ್ಜೆಯನ್ನು ಮೊದಲು ಪಡೆಯಿತು. ಟಲ್ಸಾ ಸಹ 2020ರ ದಶಕದ ಆರಂಭದಲ್ಲಿ ಅದನ್ನು ಮುಟ್ಟಿತು.

ಮನೆ ಬಿಟ್ಟುಹೋಗುವ ಪ್ರಶ್ನೆ

ಇಲ್ಲಿಯವರೆಗೆ ಲೆಕ್ಕದ ಮಾತು. ಆದರೆ ಉಪಶಮನದ ಅತ್ಯಂತ ಖಚಿತವಾದ ಮಾರ್ಗವೇ ಅತ್ಯಂತ ಕಷ್ಟದ್ದು. ಅದು ಮನೆಯನ್ನು ಊರಿಗೆ ಮಾರಿ ಹೊರಡುವುದು. ಅನುದಾನದ ಈ ಖರೀದಿಯಲ್ಲಿ ಬಲವಂತವಿಲ್ಲ. ಮಾಲೀಕರು ಒಪ್ಪಿದರೆ ಮಾತ್ರ. ನೆರೆಗೆ ಮುಂಚಿನ ಮಾರುಕಟ್ಟೆ ಬೆಲೆಯನ್ನು ಕೊಡುವ ಅವಕಾಶವಿದೆ. ಆದರೆ ಅದೇ ಹಾನಿಗೆ ವಿಮೆಯಿಂದ ಈಗಾಗಲೇ ಬಂದು ದುರಸ್ತಿಗೆ ಬಳಸದ ಹಣವನ್ನು ಕಳೆಯುತ್ತಾರೆ. ಕೊಂಡ ಮನೆಯನ್ನು ಕೆಡವಿ, ಆ ನೆಲ ಶಾಶ್ವತವಾಗಿ ಬಯಲಾಗಿಯೇ ಇರುವಂತೆ ಕ್ರಯಪತ್ರದಲ್ಲಿ ಬರೆಯುತ್ತಾರೆ.

ತೊಂದರೆಯೆಂದರೆ ಕಾಲ. ಅರ್ಜಿ ಊರಿನಿಂದ ರಾಜ್ಯಕ್ಕೆ, ರಾಜ್ಯದಿಂದ ಫೀಮಾಕ್ಕೆ ಹೋಗಿ ಹಣ ಕೈಸೇರುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಮುಳುಗಿದ ಮನೆಯ ಸಾಲದ ಕಂತು, ಬಾಡಿಗೆ ಮನೆಯ ಬಾಡಿಗೆ, ಎರಡನ್ನೂ ಅಷ್ಟು ಕಾಲ ಕಟ್ಟಬಲ್ಲ ಸಂಸಾರಗಳು ಎಷ್ಟು? ಬೇಸತ್ತವರು ಇದ್ದ ಹಣದಲ್ಲಿ ಅಲ್ಲಿಯೇ ದುರಸ್ತಿ ಮಾಡಿಕೊಂಡು ಮತ್ತೆ ಅಪಾಯದಲ್ಲಿ ಕೂರುತ್ತಾರೆ. ಷಾರ್ಲೆಟ್ ಪ್ರದೇಶದವರು ಇದಕ್ಕೆ ಉತ್ತರ ಕಂಡುಕೊಂಡರು. 1999ರಿಂದ ಅವರು 400ಕ್ಕೂ ಹೆಚ್ಚು ಕಟ್ಟಡಗಳನ್ನು ನೆರೆಬಯಲಿನಿಂದ ಕೊಂಡು ತೆಗೆದಿದ್ದಾರೆ. ಮಳೆನೀರಿನ ಶುಲ್ಕದ ಹಣ ಕೈಯಲ್ಲೇ ಇರುವುದರಿಂದ, ನೆರೆ ಬಂದ ಕೂಡಲೇ, ಮನೆಯವರು ದುರಸ್ತಿಗೆ ಕೈಹಾಕುವ ಮುನ್ನವೇ, ಹೋಗಿ ಕೊಳ್ಳಬಲ್ಲರು.

ನ್ಯಾಯದ ಪ್ರಶ್ನೆಯೂ ಇದೆ. ಲಾಭ-ವೆಚ್ಚದ ಲೆಕ್ಕದಲ್ಲಿ ಬೆಲೆಬಾಳುವ ಮನೆಯನ್ನು ಉಳಿಸಿದರೆ ಹೆಚ್ಚು ಲಾಭ ಕಾಣುತ್ತದೆ. ಬಡವರ ಓಣಿಯಲ್ಲಿ ಅಷ್ಟೇ ಜನ ಮುಳುಗಿದರೂ ಅಂಕಿ ಚಿಕ್ಕದಾಗುತ್ತದೆ. ಮನೆ ಮಾರುವವರಿಗೆ ಬೆಲೆ ಸಿಗುತ್ತದೆ. ಬಾಡಿಗೆಗಿದ್ದವರಿಗೆ ಹೊಸ ನೆಲೆ ಹುಡುಕಲು ಸಿಗುವ ನೆರವು ಬೇರೆ, ಚಿಕ್ಕದು. ಊರಿಗೂ ಆ ಮನೆಗಳ ಆಸ್ತಿ ತೆರಿಗೆ ನಿಲ್ಲುತ್ತದೆ. ದೊಡ್ಡ ನಗರಕ್ಕೆ ಅರ್ಜಿ ಬರೆಯಲು ಎಂಜಿನಿಯರುಗಳ ತಂಡವಿದೆ. ಸಾವಿರ ಜನರ ಊರಿನಲ್ಲಿ ಗುಮಾಸ್ತರೊಬ್ಬರೇ ಎಲ್ಲವನ್ನೂ ನೋಡಬೇಕು. ಯಾರನ್ನು ಮೊದಲು ಕಾಪಾಡಬೇಕೆಂಬ ಈ ತೀರ್ಮಾನವನ್ನು ಯಂತ್ರವೂ ಸೂತ್ರವೂ ನಮಗಾಗಿ ಮಾಡಲಾರವು. ಅದನ್ನು ನೆರೆಹೊರೆಯವರು ಒಬ್ಬರ ಮುಖ ಒಬ್ಬರು ನೋಡುತ್ತ ಮಾಡಬೇಕು.

ನಾವು ಮಾಡಬಹುದಾದದ್ದು

ಹಾಗಾದರೆ ನಮ್ಮ ಪಾಲಿನ ಕೆಲಸವೇನು? ಮೊದಲು ಮನೆಯ ಲೆಕ್ಕ. ಸಾಮಾನ್ಯ ಮನೆ ವಿಮೆಯಲ್ಲಿ ನೆರೆಯ ಹಾನಿ ಸೇರಿರುವುದಿಲ್ಲ. ಸರಕಾರಿ ನೆರೆ ವಿಮೆಯನ್ನು ಬೇರೆಯಾಗಿಯೇ ಕೊಳ್ಳಬೇಕು, ಮತ್ತು ಅದು ಸಾಮಾನ್ಯವಾಗಿ 30 ದಿನಗಳ ಬಳಿಕವೇ ಜಾರಿಗೆ ಬರುತ್ತದೆ. ಮೋಡ ಕಟ್ಟಿದ ಮೇಲೆ ಕೊಂಡರೆ ಆಗುವುದಿಲ್ಲ. ನೆರೆಬಯಲಿನ ಮನೆಗೆ ತೀವ್ರ ಹಾನಿಯಾಗಿ ದುರಸ್ತಿಯ ವೆಚ್ಚ ಕಟ್ಟಡದ ಬೆಲೆಯ ಅರ್ಧ ಮುಟ್ಟಿದರೆ, ಅದನ್ನು ಹೊಸ ನಿಯಮದಂತೆ ಎತ್ತರಿಸಬೇಕಾಗಬಹುದು. ಇದಕ್ಕೆ ಸರಕಾರಿ ನೆರೆ ವಿಮೆಯಲ್ಲಿ 30,000 ಡಾಲರಿನವರೆಗೆ ಪ್ರತ್ಯೇಕ ನೆರವುಂಟು. ಹಿತ್ತಲಿಗೆಲ್ಲ ಕಾಂಕ್ರೀಟು ಹಾಸುವ ಮುನ್ನ ಆ ನೀರು ಯಾರ ಮನೆಯ ನೆಲಮಾಳಿಗೆಗೆ ಹೋಗುವುದೆಂದು ಒಮ್ಮೆ ಯೋಚಿಸುವುದೂ ಉಪಶಮನವೇ.

ಆಮೇಲೆ ಊರಿನ ಲೆಕ್ಕ. ನಮ್ಮ ಕೌಂಟಿಯ ಉಪಶಮನ ಯೋಜನೆ ಕಡೆಯ ಬಾರಿ ಪರಿಷ್ಕರಣೆಯಾದದ್ದು ಯಾವಾಗ? ಅದರಲ್ಲಿ ನಮ್ಮ ಬಡಾವಣೆಯ ಹೆಸರಿದೆಯೇ? ಪಟ್ಟಿಯ ಮೊದಲ ಐದು ಕೆಲಸಗಳು ಯಾವುವು, ಅವುಗಳಿಗೆ ಹಣ ಎಲ್ಲಿದೆ? ಈ ಮೂರು ಪ್ರಶ್ನೆಗಳನ್ನು ಕೇಳಲು ಎಂಜಿನಿಯರ್ ಆಗಬೇಕಾದ್ದಿಲ್ಲ. ಇನ್ನೂ ಮತದಾನದ ಹಕ್ಕು ಬಾರದವರೂ ಯೋಜನೆಯ ಸಾರ್ವಜನಿಕ ಸಭೆಗೆ ಹೋಗಿ ಮಾತನಾಡಬಹುದು. ಮಳೆನೀರಿನ ಶುಲ್ಕವನ್ನು ಅವರೂ ಕಟ್ಟುತ್ತಾರಲ್ಲವೇ? ನಮ್ಮಲ್ಲಿ ನೀರಾವರಿ ತಿಳಿದವರಿದ್ದಾರೆ, ಲೆಕ್ಕಪತ್ರ ಬಲ್ಲವರಿದ್ದಾರೆ, ನಕ್ಷೆ ಓದಬಲ್ಲವರಿದ್ದಾರೆ. ಆ ವಿದ್ಯೆಯನ್ನು ಊರಿನ ಯೋಜನಾ ಸಮಿತಿಗೆ ತಿಂಗಳಿಗೊಂದು ಸಂಜೆ ಕೊಟ್ಟರೆ ನಷ್ಟವಿಲ್ಲ.

ನಾವು ಈ ನೆಲಕ್ಕೆ ಬಂದಾಗ ಮನೆಯ ಜಾಗವನ್ನು ಶಾಲೆಯನ್ನೂ ರಸ್ತೆಯನ್ನೂ ನೋಡಿ ಆರಿಸಿದೆವು. ಹಿಂದೆ ಹರಿಯುವ ತೊರೆಯನ್ನು ನೋಡಲಿಲ್ಲ. ಬೇಲಿಯಾಚೆಯವರ ಹೆಸರನ್ನೂ ಅನೇಕರು ಇನ್ನೂ ಕೇಳಿಲ್ಲ. ಟಲ್ಸಾದಲ್ಲಿ 1976ರಿಂದ ನಗರಸಭೆಯ ಬಾಗಿಲು ತಟ್ಟಿದವರು ಅಂಥ ಬೇಲಿಯಾಚೆಯವರೇ ಆಗಿದ್ದರು. ಅವರ ಮಾತು ಎಂಟು ವರ್ಷ ಮೊದಲೇ ಪೂರ್ತಿಯಾಗಿ ನಡೆದಿದ್ದರೆ 1984ರ ಆ ರಾತ್ರಿ ಸತ್ತ ಹದಿನಾಲ್ವರಲ್ಲಿ ಕೆಲವರಾದರೂ ಉಳಿಯುತ್ತಿದ್ದರೇನೋ ಎಂದು ನಮಗೆ ಅನ್ನಿಸುತ್ತದೆ.

ಮುಂದಿನ ಸಾರ್ವಜನಿಕ ಸಭೆಯ ದಿನವನ್ನು ತಿಳಿದುಕೊಂಡು, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ ಬನ್ನಿ ಎಂದು ವಿನಂತಿಸುತ್ತೇವೆ.